ಮೊಮ್ಮಗಳ ಎದೆಯ ನೀರುಗುಳ್ಳೆ

ಲಿವರಿನೊಳಗೆ ನೀರುಗುಳ್ಳೆ ಇದ್ದರೆ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಒಳ್ಳೆಯ ಲಿವರ್ ಒತ್ತಿದರೆ ಒತ್ತಿದಷ್ಟು ತಗ್ಗುತ್ತದೆ. ಗುಳ್ಳೆ ಇರುವ ಜಾಗ ಮಾತ್ರ ಬೆರಳನ್ನು ವಾಪಸ್ ತಳ್ಳುತ್ತದೆ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ಒಂದು ಸಂದಿಯಲ್ಲಿ, ಮಟನ್ ಅಂಗಡಿಯ ಹಿಂಬದಿಗೆ ನಲ್ಲಿಯ ಹತ್ತಿರ ಕೂತು ಬೋಟಿ, ತಲೆ, ಕಾಲು, ಲಿವರ್ ಬಿಡಿಸಿ ತೊಳೆಯುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಮೈಯೊಳಗೆ ಏನೇನಿದೆ ಅಂತ ಪುಸ್ತಕ ನೋಡಿ ಕಲಿತಿಲ್ಲ, ತೊಳೆದು ಕಲಿತಿದ್ದೇನೆ.

ಕುರಿಯ ಎದೆಯಿಂದ ತೆಗೆದದ್ದು ನನ್ನ ಕೈಗೆ ಒಂದೇ ಗೊಂಚಲಾಗಿ ಬರುತ್ತದೆ. ಮೇಲೆ ಬಳೆಬಳೆಯಾಗಿರುವ ಗಾಳಿಕೊಳವೆ, ಅದರ ಎರಡು ಕಡೆ ಸ್ಪಂಜಿನಂಥ ಶ್ವಾಸಕೋಶ, ನಡುವೆ ಗುಂಡಿಗೆ, ಕೆಳಗೆ ತೆಳ್ಳಗಿನ ಮಾಂಸದ ಪರದೆ, ಪರದೆಗೆ ಅಂಟಿಕೊಂಡು ಲಿವರ್. ಕರುಳು ಬೇರೆ ಬುಟ್ಟಿಯಲ್ಲಿ ಬರುತ್ತದೆ. ಆದರೆ ಕರುಳಿನ ಕೊಬ್ಬಿನ ಬಲೆಯನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ರಕ್ತನಾಳಗಳು ಕಾಣುತ್ತವೆ. ಹತ್ತು ಸೇರಿ ಒಂದಾಗಿ, ಆ ಒಂದುಗಳು ಸೇರಿ ದಪ್ಪನೆಯ ಒಂದು ಕೊಳವೆಯಾಗಿ, ಅದು ಸೀದಾ ಲಿವರಿಗೇ ಹೋಗುತ್ತದೆ. ಲಿವರಿನಿಂದ ಗುಂಡಿಗೆಗೆ, ಗುಂಡಿಗೆಯಿಂದ ಶ್ವಾಸಕೋಶಕ್ಕೆ. ಈ ದಾರಿಯನ್ನು ನಾನು ದಿನಾ ಬೆರಳಿನಲ್ಲಿ ಬಿಡಿಸುತ್ತಿದ್ದೆ. ಇದರಲ್ಲಿ ಏನು ಓಡಾಡುತ್ತದೆ ಅಂತ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ.

ಗುಳ್ಳೆ ಬಿದ್ದ ಲಿವರನ್ನೂ ಶ್ವಾಸಕೋಶವನ್ನೂ ಗಿರಾಕಿಗೆ ಕೊಡುವ ಹಾಗಿಲ್ಲ. ಅಂಗಡಿಯ ಯಜಮಾನರು, ನಾನು ಅವರನ್ನು ಭಾಯ್ ಅಂತಲೇ ಕರೆಯುವುದು, ಆ ವಿಷಯದಲ್ಲಿ ಕಟ್ಟುನಿಟ್ಟು. ಅಂಥದ್ದನ್ನು ಕೊಯ್ದು ಒಂದು ಕವರಿಗೆ ಹಾಕಿ ಹಲಸೂರಿನ ನಮ್ಮ ಬೀದಿಗೆ ಒಯ್ಯುತ್ತಿದ್ದೆ. ಅಲ್ಲಿ ಬೆಳ್ಳಿ ಅಂತ ಒಂದು ಬೀದಿನಾಯಿ. ಮಧ್ಯಾಹ್ನ ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಬಾಲವೇ ಅದನ್ನು ಎಳೆದುಕೊಂಡು ಬರುತ್ತಿತ್ತು. ಎಸೆಯುವ ಬದಲು ಒಂದು ಜೀವದ ಹೊಟ್ಟೆಗೆ ಬೀಳಲಿ ಅಂತ ನನ್ನ ಲೆಕ್ಕ. ಪುಣ್ಯದ ಕೆಲಸ ಅಂತಲೇ ಅಂದುಕೊಂಡಿದ್ದೆ.

ನನ್ನ ಮೊಮ್ಮಗಳು ನಡೆಯಲು ಕಲಿತದ್ದೇ ಬೆಳ್ಳಿಯ ಬೆನ್ನು ಹಿಡಿದುಕೊಂಡು. ಅದರ ಕತ್ತು ತಬ್ಬಿಕೊಂಡು ಹೊಸಿಲ ಮೇಲೆ ಕೂರುತ್ತಿದ್ದಳು, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಈಗ ಅವಳಿಗೆ ಒಂಬತ್ತು ವರ್ಷ. ಅವಳ ಅಪ್ಪ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಮನೆಯಲ್ಲಿ ಇರುವುದು ನಾನು, ನನ್ನ ಮಗಳು, ಈ ಹುಡುಗಿ. ನಾನು ಉಸಿರಾಡುವುದೇ ಇವಳಿಗೋಸ್ಕರ ಅಂತ ಮಗಳು ಹಂಗಿಸುತ್ತಾಳೆ. ಹಂಗಿಸಲಿ, ಸುಳ್ಳೇನಲ್ಲ.

ಮೊದಲು ಒಣಕೆಮ್ಮು ಬಂತು. ಹಲಸೂರು ಕೆರೆಯ ಗಾಳಿ ಅಂದೆ, ಶುಂಠಿ ಕಷಾಯ ಕುಡಿಸಿದೆ. ಎರಡು ವಾರವಾದರೂ ಹೋಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಬಲಪಕ್ಕೆ ಹಿಡಿದುಕೊಳ್ಳತೊಡಗಿದಳು. "ಅಜ್ಜಿ, ಇಲ್ಲಿ ಯಾರೋ ಕೂತಿರೋ ಹಂಗಾಗುತ್ತೆ" ಅಂದಳು. ಆ ಮಾತು ಕೇಳಿದಾಗ ನಕ್ಕಿದ್ದೆ.

ಇಂದಿರಾನಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ದುಂಡಗೆ, ಬೆಳ್ಳಗೆ, ಒಂದು ಮೋಸಂಬಿಯಷ್ಟು ಏನೋ ಕೂತಿತ್ತು. ಮಗಳು ಅದನ್ನು ನೋಡಿ ಗೋಡೆಗೆ ಒರಗಿದಳು. ಎದೆರೋಗದ ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಒಂದು ರಕ್ತಪರೀಕ್ಷೆ ಮಾಡಿಸಿದರು. ಎರಡು ದಿನ ಬಿಟ್ಟು ಕಾಗದ ಹಿಡಿದುಕೊಂಡು ನಮ್ಮನ್ನು ಕೂರಿಸಿ ಕೇಳಿದರು.

"ಮನೇಲಿ ನಾಯಿ ಇದೆಯಾ?"

"ಇಲ್ಲ ಸಾರ್" ಅಂದಳು ಮಗಳು.

"ಕುರಿ ಮೇಕೆ ಏನಾದ್ರೂ ಸಾಕಿದೀರಾ? ಊರಲ್ಲಿ?"

"ಇಲ್ಲ ಸಾರ್. ನಮ್ಗೆ ಊರೂ ಇಲ್ಲ, ಕುರೀನೂ ಇಲ್ಲ."

"ಮತ್ತೆ ಕೀವೋ, ಗೆಡ್ಡೆಯೋ ನೋಡ್ಬೇಕಮ್ಮ. ರಕ್ತದಲ್ಲೂ ಏನೂ ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ಕ್ಯಾನಿನಲ್ಲಿ ನೋಡ್ತಾ ಒಂದು ಸೂಜಿ ಹಾಕಿ ಸ್ವಲ್ಪ ತೆಗೆಯೋಣ."

ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನಾಯಿ ಅಂದ ಕೂಡಲೇ ಒಂದು ಹಳೆಯ ಮಾತು ನೆನಪಾಗಿತ್ತು. ಎಷ್ಟೋ ವರ್ಷದ ಹಿಂದೆ ಮಾಂಸ ನೋಡಲು ಬಂದಿದ್ದ ಪಶುವೈದ್ಯರೊಬ್ಬರು ನನ್ನ ಕವರು ನೋಡಿ, "ಈ ಗುಳ್ಳೆ ಇರೋದನ್ನ ಹಸಿಯಾಗಿ ನಾಯಿಗೆ ಹಾಕ್ಬೇಡಿ, ಮಕ್ಕಳಿಗೆ ಬರುತ್ತೆ" ಅಂದಿದ್ದರು. ಕುರಿಯ ಕಾಯಿಲೆ, ನಾಯಿ ತಿಂದರೆ, ಮಕ್ಕಳಿಗೆ! ಅವರು ಹೋದ ಮೇಲೆ ಅಂಗಡಿಯಲ್ಲಿ ಎಲ್ಲರೂ ನಕ್ಕಿದ್ದೆವು. ಜೋರಾಗಿ ನಕ್ಕವಳು ನಾನೇ.

ಆ ಕುರ್ಚಿಯಲ್ಲಿ ಬಾಯಿ ತೆಗೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತೆಗೆಯಲಿಲ್ಲ. ನಾಯಿ ಮನೆಯೊಳಗಿಲ್ಲವಲ್ಲ, ಬೀದಿಯಲ್ಲಲ್ಲವಾ ಇರುವುದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಮಗಳಿಗೆ ಹೆದರಿದೆ. ನನ್ನ ಮಗುವಿನ ಎದೆಗೆ ಇದನ್ನು ಇಟ್ಟವಳು ನೀನು ಅಂತ ಅವಳು ಒಂದು ಸಲ ಅಂದರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿರಲಿ? ರಿಕ್ಷಾದಲ್ಲಿ ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅವಳ ಬಲಪಕ್ಕೆ ನನ್ನ ಅಂಗೈ ಕೆಳಗೇ ಏರಿಳಿಯುತ್ತಿತ್ತು. ನಾನು ಕೈ ತೆಗೆದುಬಿಟ್ಟೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ಅಂಗಡಿಗೆ ಹೋದೆ. ಹತ್ತೂವರೆಗೆ ಸೀದಾ ನರ್ಸಿಂಗ್ ಹೋಮಿಗೆ ಬರುತ್ತೇನೆ ಅಂತ ಮಗಳಿಗೆ ಹೇಳಿದ್ದೆ. ಭಾಯ್ ನನ್ನ ಮುಖ ನೋಡಿ, "ಅರೆ ಅಮ್ಮಾ, ನೀವ್ಯಾಕೆ ಬಂದ್ರಿ ಇವತ್ತು? ನವಾಸಿ ಹತ್ರ ಇರ್ಬೇಕು ತಾನೆ?" ಅಂದರು. ಮಗಳ ಮಗಳಿಗೆ ಅವರ ಮಾತಿನಲ್ಲಿ ನವಾಸಿ ಅನ್ನುತ್ತಾರೆ. ನಾನು ಕತ್ತಿ ತೆಗೆದುಕೊಂಡು ನಲ್ಲಿಯ ಹತ್ತಿರ ಕೂತೆ.

ನಾಲ್ಕನೆಯ ಗೊಂಚಲಿನ ಶ್ವಾಸಕೋಶದಲ್ಲಿ ಗುಳ್ಳೆ ಇತ್ತು. ಕೆಳಗಿನ ಭಾಗದಲ್ಲಿ, ಬಲಗಡೆ. ಬೇರೆ ದಿನವಾಗಿದ್ದರೆ ಸುತ್ತ ಅಗಲವಾಗಿ ಕೊಯ್ದು ತೆಗೆಯುತ್ತಿದ್ದೆ, ಗುಳ್ಳೆಗೆ ಕತ್ತಿ ತಾಗಿಸುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿತ ಪಾಠ ಅದು. ಆ ದಿನ ಮನಸ್ಸೆಲ್ಲ ಹನ್ನೊಂದು ಗಂಟೆಯ ಮೇಲಿತ್ತು. ಕತ್ತಿಯ ತುದಿ ಒಂದು ಚೂರು, ಸೂಜಿಯಷ್ಟು, ಚುಚ್ಚಿತು ಅಷ್ಟೆ. ನೀರು ಚಿಮ್ಮಿ ನನ್ನ ಕೆನ್ನೆಗೆ, ಸೆರಗಿಗೆ, ಪಕ್ಕದಲ್ಲಿ ತೊಳೆದಿಟ್ಟಿದ್ದ ಬೋಟಿಗೆಲ್ಲ ಹಾರಿತು. ಒಂದು ತೂತು ಮಾತ್ರ. ಒಳಗೆ ಅಷ್ಟು ಬಿಗಿಯಾಗಿ ತುಂಬಿಕೊಂಡಿರುತ್ತದೆ ಅದು. ಕೈಗೆ ಹಾರಿದ ನೀರಿನಲ್ಲಿ ನುಣ್ಣನೆಯ ಮರಳಿನಂಥ ಬಿಳಿ ಕಾಳುಗಳಿದ್ದವು.

ಕೆನ್ನೆ ತೊಳೆದುಕೊಳ್ಳುವುದನ್ನೂ ಮರೆತು ಅದನ್ನೇ ನೋಡಿದೆ. ಹನ್ನೊಂದು ಗಂಟೆಗೆ ಸೂಜಿ. ಚಿಮ್ಮಿದ ನೀರು ಇಲ್ಲಿ ಕಲ್ಲಿನ ಮೇಲೆ ಹರಿದು ಮೋರಿಗೆ ಹೋಯಿತು. ಹುಡುಗಿಯ ಎದೆಯೊಳಗೆ ಮೋರಿ ಎಲ್ಲಿದೆ?

ಮುಖ ಉಜ್ಜಿ ತೊಳೆದುಕೊಂಡು, ಬುಟ್ಟಿಯನ್ನೆಲ್ಲ ಕೆದಕಿದೆ. ಇನ್ನೊಂದರಲ್ಲಿ ಒಡೆಯದ ಗುಳ್ಳೆ ಸಿಕ್ಕಿತು. ಹಾಗೆಯೇ ಶ್ವಾಸಕೋಶದ ಸಮೇತ ನನ್ನ ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು ಎರಡು ಕವರು ಸುತ್ತಿದೆ. ಭಾಯ್ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ ಅಮ್ಮಾ ಇದು?"

"ಡಾಕ್ಟರಿಗೆ ತೋರಿಸ್ಬೇಕು ಭಾಯ್. ಮಗೂಗೆ ಇದೇ ಆಗಿರೋದು. ನಾನೇ ನಾಯಿಗೆ ಹಾಕ್ತಿದ್ನಲ್ಲ."

ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ತಾವೇ ಓಡಿಹೋಗಿ ರಿಕ್ಷಾ ನಿಲ್ಲಿಸಿ, "ಜಲ್ದಿ ಹೋಗಪ್ಪಾ, ಮೀಟರ್ ಗೀಟರ್ ಕೇಳ್ಬೇಡ" ಅಂತ ಡ್ರೈವರಿಗೆ ಹೇಳಿ ನನ್ನನ್ನು ಹತ್ತಿಸಿದರು.

ಹಲಸೂರು ಕೆರೆಯ ಹತ್ತಿರ ಟ್ರಾಫಿಕ್ ನಿಂತುಬಿಟ್ಟಿತು. ಡಬ್ಬಿಯನ್ನು ಅಲುಗಾಡದ ಹಾಗೆ ಎರಡು ಕೈಯಲ್ಲಿ ಹಿಡಿದು ಕೂತಿದ್ದೆ. ಡ್ರೈವರ್ ಮೂಗು ಅರಳಿಸಿ ಕನ್ನಡಿಯಲ್ಲಿ ನೋಡಿದ. "ಏನಮ್ಮಾ, ಮಟನ್ನಾ? ಮನೇಲಿ ಹಬ್ಬನಾ?" ಅಂದ. ನಾನು ಟೈಮ್ ಕೇಳಿದೆ. ಹತ್ತು ಐವತ್ತು. ಮಗಳ ಫೋನು ಸ್ವಿಚ್ ಆಫ್. ಸ್ಕ್ಯಾನ್ ರೂಮಿನ ಹತ್ತಿರ ಫೋನು ಆರಿಸಿ ಅಂತ ಹಿಂದಿನ ದಿನ ಹೇಳಿದ್ದು ನೆನಪಾಯಿತು. ಅಂದರೆ ಅವರು ಆಗಲೇ ಒಳಗಿದ್ದಾರೆ. ಇಳಿದು ಓಡಬೇಕು ಅನ್ನಿಸಿತು. ಓಡಿದರೆ ರಿಕ್ಷಾಗಿಂತ ಬೇಗ ಹೋಗಲಾರೆ, ಡಬ್ಬಿಯೊಳಗಿನದೂ ಒಡೆದೀತು. ಹಲ್ಲು ಕಚ್ಚಿ ಕೂತೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಸಿಗ್ನಲ್ ಇನ್ನೊಂದಿಲ್ಲ.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ತಡೆದ.

"ಏನದು ಡಬ್ಬೀಲಿ?"

"ಕುರಿ ಶ್ವಾಸಕೋಶ."

"ಪೇಶೆಂಟ್ ಊಟಕ್ಕಾ? ಮಟನ್ ಗಿಟನ್ ಒಳಗೆ ಬಿಡಲ್ಲಮ್ಮ."

"ಊಟಕ್ಕಲ್ಲ ಕಣಪ್ಪಾ, ಡಾಕ್ಟರಿಗೆ!"

"ಡಾಕ್ಟ್ರು ವೆಜ್ಜು" ಅಂದ ಅವನು, ನಗದೆ.

ಅವನನ್ನು ತಳ್ಳಿಕೊಂಡೇ ಒಳಗೆ ಹೋದೆ. ಸ್ಕ್ಯಾನ್ ರೂಮಿನ ಹೊರಗೆ ಮಗಳು ಒಬ್ಬಳೇ ನಿಂತಿದ್ದಳು, ಹುಡುಗಿ ಇಲ್ಲ. ಕೆಂಪು ಲೈಟು ಉರಿಯುತ್ತಿತ್ತು. ನಾನು ಬಾಗಿಲು ಬಡಿದೆ, ಅಂಗೈಯಿಂದ, ಬಲವಾಗಿ. ನರ್ಸು ಬೈಯುತ್ತಾ ತೆರೆದಳು. ಹಿಂದೆಯೇ ಡಾಕ್ಟರು, ಕೈಗೆ ಗ್ಲೌಸು ಹಾಕಿಕೊಳ್ಳುತ್ತಿದ್ದವರು.

"ಸಾರ್, ಸೂಜಿ ಹಾಕ್ಬಿಟ್ರಾ?"

"ಇನ್ನೂ ಇಲ್ಲ. ಏನಮ್ಮ ಇದು ಗಲಾಟೆ?"

"ನಾಯಿ ಇದೆ ಸಾರ್. ನಿನ್ನೆ ಹೇಳಲಿಲ್ಲ. ಬೀದಿನಾಯಿ, ಮಗು ಹುಟ್ಟಿದಾಗಿಂದ ಅದರ ಜೊತೇಲೇ ಆಡಿದೆ. ನಾನು ಬೋಟಿ ತೊಳೆಯೋಳು. ಗುಳ್ಳೆ ಬಿದ್ದ ಲಿವರು, ಶ್ವಾಸಕೋಶ ಎಲ್ಲ ತಂದು ಹಸಿಯಾಗಿ ಅದಕ್ಕೆ ಹಾಕ್ತಿದ್ದೆ. ಇದು ನೋಡಿ."

ಡಬ್ಬಿ ತೆರೆದೆ. ನರ್ಸು ಹಿಂದಕ್ಕೆ ಸರಿದಳು. ಡಾಕ್ಟರು ಸರಿಯಲಿಲ್ಲ. ಬಗ್ಗಿ ನೋಡಿದರು, ಗ್ಲೌಸಿನ ಬೆರಳಿನಿಂದ ಮೆಲ್ಲಗೆ ಒತ್ತಿದರು. ಅವರ ಬೆರಳನ್ನೂ ಅದು ವಾಪಸ್ ತಳ್ಳಿತು.

"ಇದಕ್ಕೆ ಚುಚ್ಚಿದ್ರೆ ಚಿಮ್ಮುತ್ತೆ ಸಾರ್. ಇವತ್ತು ಬೆಳಿಗ್ಗೆ ನನ್ನ ಮುಖಕ್ಕೇ ಚಿಮ್ತು."

ಅವರು ಗ್ಲೌಸು ಬಿಚ್ಚಿದರು. "ಹುಡುಗೀನ ಹೊರಗೆ ಕರ್ಕೊಂಡು ಬನ್ನಿ" ಅಂದರು ನರ್ಸಿಗೆ. ಆಮೇಲೆ ನನ್ನನ್ನು ನೋಡಿ, "ನಿನ್ನೆ ಹೇಳ್ಬೇಕಿತ್ತಮ್ಮ. ಇರ್ಲಿ, ಸೂಜಿ ಹಾಕೋಕೆ ಮುಂಚೆ ಬಂದ್ರಲ್ಲ" ಅಂದರು. ಗಡಿಯಾರದಲ್ಲಿ ಆಗಲೇ ಹನ್ನೊಂದೂ ಹತ್ತಾಗಿತ್ತು. ಯಾರೋ ಮೊದಲಿನ ಪೇಶೆಂಟು ತಡವಾಗಿದ್ದರಿಂದ ನಾವು ಉಳಿದೆವು.

ಅವರು ಕೂರಿಸಿ ಬಿಡಿಸಿ ಹೇಳಿದರು. ನಾಯಿಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇರುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನಲ್ಲಿ, ಕೂದಲಿನಲ್ಲಿ. ಅಲ್ಲಿಂದ ಮಗುವಿನ ಕೈಗೆ, ಬಾಯಿಗೆ. ಹೊಟ್ಟೆಯಲ್ಲಿ ಮೊಟ್ಟೆ ಒಡೆದು ಮರಿ ಕರುಳಿನ ಗೋಡೆ ದಾಟಿ ರಕ್ತಕ್ಕೆ. "ರಕ್ತ ಅಲ್ಲಿಂದ..." ಅಂತ ಅವರು ಶುರು ಮಾಡಿದರು. "ಲಿವರಿಗೆ" ಅಂದೆ ನಾನು. "ಲಿವರಿನಲ್ಲಿ ನಿಲ್ಲದೆ ಇದ್ದದ್ದು ಗುಂಡಿಗೆಗೆ. ಗುಂಡಿಗೆಯಿಂದ ಶ್ವಾಸಕೋಶಕ್ಕೆ." ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆ ಮೊಟ್ಟೆಯನ್ನು ಹುಲ್ಲಿನ ಜೊತೆ ಕುರಿ ತಿಂದರೂ ಇದೇ ದಾರಿ, ಮಗು ತಿಂದರೂ ಇದೇ ದಾರಿ. ಕುರಿಯ ಗುಳ್ಳೆಯನ್ನು ನಾಯಿ ತಿಂದರೆ ಮತ್ತೆ ಹುಳ. ಆ ಚಕ್ರ ತಿರುಗುತ್ತಿದ್ದದ್ದು ನನ್ನ ಕೈಯಿಂದ. ಶ್ವಾಸಕೋಶದಲ್ಲಿದ್ದರೆ ರಕ್ತಪರೀಕ್ಷೆಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲವಂತೆ. ಸೂಜಿ ಹಾಕಿದ್ದರೆ ಒಳಗೆ ನೀರು ಸೋರಿ ಮೈಗೆ ವಿಷದಂತೆ ಏರಿ ಉಸಿರು ನಿಲ್ಲಬಹುದಿತ್ತು. ಬದುಕಿದರೂ ಚೆಲ್ಲಿದ ಒಂದೊಂದು ಕಾಳೂ ಮತ್ತೊಂದು ಗುಳ್ಳೆಯಾಗಬಹುದಿತ್ತು.

ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹುಡುಗಿಯನ್ನು ಎತ್ತಿಕೊಂಡು ಹೊರಗೆ ನಡೆದಳು, ಒಂಬತ್ತು ವರ್ಷದವಳನ್ನು, ಕೈಗೂಸಿನ ಹಾಗೆ.

ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಯ ಸ್ಕ್ಯಾನಿನಲ್ಲಿ ಲಿವರಿನಲ್ಲೂ ಒಂದು ಸಣ್ಣದು ಕಾಣಿಸಿತು. ಅದಕ್ಕೆ ಮಾತ್ರೆ ಸಾಕು, ಎದೆಯದಕ್ಕೆ ಆಪರೇಷನ್ನೇ ಆಗಬೇಕು ಅಂದರು ಸರ್ಜನ್ ಮೇಡಮ್ಮು. ಮಾತ್ರೆಯನ್ನೂ ಮೊದಲೇ ಕೊಡುವಂತಿಲ್ಲ, ಗೋಡೆ ಮೆತ್ತಗಾಗಿ ಒಡೆಯಬಹುದು. ತಾರೀಖು ಸಿಗಲು ಒಂಬತ್ತು ದಿನ. ಆ ಒಂಬತ್ತು ದಿನ ಹುಡುಗಿ ಓಡಬಾರದು, ಬೀಳಬಾರದು, ಯಾರೂ ಅವಳಿಗೆ ಡಿಕ್ಕಿ ಹೊಡೆಯಬಾರದು. ಅವಳು ಕೆಮ್ಮಿದಾಗೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಗುಳ್ಳೆಯ ಗೋಡೆ ಎಷ್ಟು ತೆಳ್ಳಗಿರುತ್ತದೆ ಅಂತ ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಆಪರೇಷನ್ ದಿನ ಮೇಡಮ್ಮು ಒಳಗೆ ಹೋಗುವ ಮುಂಚೆ ನನ್ನ ಹತ್ತಿರ ಬಂದು, "ಡಬ್ಬಿ ಅಜ್ಜಿ ನೀವೇನಾ?" ಅಂದರು. ಕಥೆ ಅಲ್ಲಿಯವರೆಗೂ ಹೋಗಿತ್ತು. "ಗುಳ್ಳೆ ಸುತ್ತ ಗಟ್ಟಿ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ತುಂಬ್ತೀವಿ. ಒಂದು ತೊಟ್ಟು ಚೆಲ್ಲಿದ್ರೂ ಬಟ್ಟೆ ಹೀರ್ಕೊಳ್ಳುತ್ತೆ, ಉಪ್ಪಿಗೆ ಕಾಳೂ ಸಾಯುತ್ತೆ."

"ಸುತ್ತ ಅಗಲವಾಗಿ ಹಿಡೀರಿ ಮೇಡಮ್" ಅಂತ ಬಾಯಿಗೆ ಬಂದುಬಿಟ್ಟಿತು.

"ಆಯ್ತು ಅಜ್ಜಿ" ಅಂದರು ಅವರು, ನಕ್ಕು.

ಮೂರೂವರೆ ಗಂಟೆ ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಮಗಳು. ಗಾಳಿಕೊಳವೆ, ಎರಡು ಕಡೆ ಸ್ಪಂಜು, ನಡುವೆ ಗುಂಡಿಗೆ. ನನಗೆ ಬೇಡವೆಂದರೂ ಎಲ್ಲವೂ ಕಣ್ಣಿಗೆ ಕಟ್ಟುತ್ತಿತ್ತು. ಬೇರೆಯವರಿಗೆ ಆಪರೇಷನ್ ಅಂದರೆ ಮುಚ್ಚಿದ ಬಾಗಿಲು ಅಷ್ಟೆ. ನನಗೆ ಬಾಗಿಲ ಆಚೆಯದ್ದು ಬಣ್ಣ, ಬಿಸಿ ಸಮೇತ ಗೊತ್ತಿತ್ತು. ಅಷ್ಟು ಗೊತ್ತಿರುವುದು ಒಳ್ಳೆಯದಲ್ಲ.

ಬಾಗಿಲು ತೆರೆಯಿತು. ಮೇಡಮ್ಮು ಒಂದು ಸ್ಟೀಲ್ ಬೋಗುಣಿ ಹಿಡಿದುಕೊಂಡು ಬಂದರು. ಒಳಗೆ ಬೆಳ್ಳಗೆ, ಎಳನೀರಿನ ಗಂಜಿಯ ಹಾಗೆ ನಡುಗುವ ಚರ್ಮ. ಎಲ್ಲೂ ಹರಿದಿರಲಿಲ್ಲ. ಪೂರ್ತಿ, ಇಡಿಯಾಗಿ ಬಂದಿತ್ತು. ಜೀವಮಾನವೆಲ್ಲ ಅದನ್ನು ಕೊಯ್ದು ಎಸೆದ ನಾನು ಅದಕ್ಕೆ ಕೈ ಮುಗಿದುಬಿಟ್ಟೆ. ಅಷ್ಟು ಸಂತೋಷದಲ್ಲಿ ಯಾವುದಕ್ಕೆ ಮುಗಿಯುತ್ತಿದ್ದೇನೆ ಅಂತಲೂ ಗೊತ್ತಾಗಲಿಲ್ಲ.

ಭಯ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಹುಡುಗಿಯ ಪಕ್ಕೆಯಿಂದ ಒಂದು ಕೊಳವೆ ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಅವಳು ಕೆಮ್ಮಿದರೆ ಬಾಟಲಿಯಲ್ಲಿ ಗುಳುಗುಳು ಗುಳ್ಳೆ. ಶ್ವಾಸಕೋಶದ ಗಾಯದಿಂದ ಸೋರುವ ಗಾಳಿ ಅದು, ಗಾಯ ಕೂಡಿಕೊಂಡರೆ ತಾನೇ ನಿಲ್ಲುತ್ತದೆ ಅಂದರು ಸಿಸ್ಟರ್. ಎರಡು ದಿನದಲ್ಲಿ ನಿಲ್ಲಬೇಕಾದದ್ದು ನಾಲ್ಕನೇ ದಿನವೂ ನಿಲ್ಲಲಿಲ್ಲ. ಎಕ್ಸ್‌ರೇ ನೋಡಿ ಮೇಡಮ್ಮು ಹುಬ್ಬು ಗಂಟಿಕ್ಕಿದರು. ಶ್ವಾಸಕೋಶ ಕೆಳಗಡೆ ಬಿಚ್ಚಿಕೊಂಡಿಲ್ಲ, ಹೀಗೇ ಇದ್ದರೆ ಇನ್ನೊಂದು ಸಲ ಆಪರೇಷನ್ ಮಾಡಬೇಕಾಗುತ್ತದೆ ಅಂದರು.

ಅದಕ್ಕೆ ಔಷಧಿ ಎಂದರೆ ಮೂರು ಬಣ್ಣದ ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ. ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಚೆಂಡು ಮೇಲೇಳುತ್ತದೆ. ಒಂದು ಎದ್ದರೆ ಸ್ವಲ್ಪ, ಮೂರೂ ಎದ್ದರೆ ಶ್ವಾಸಕೋಶ ಪೂರ್ತಿ ತುಂಬಿದ ಹಾಗೆ. ಹುಡುಗಿ ನೋವಿಗೆ ಹೆದರಿ ಬಾಯಿ ಬಿಗಿಹಿಡಿಯುತ್ತಿದ್ದಳು. ಮಗಳು ಗದರಿದಳು, ಅತ್ತಳು. ನನ್ನ ಜೊತೆ ಅವಳಿಗೆ ಮಾತಿಲ್ಲ. "ಸಿಸ್ಟರ್, ಅವರಿಗೆ ಊಟ ಮಾಡಕ್ಕೆ ಹೇಳಿ" ಅನ್ನುವಳು, ನಾನು ಎರಡು ಮೊಳ ದೂರದಲ್ಲೇ ಕೂತಿದ್ದಾಗ.

ಐದನೇ ದಿನ ಅಂಗಡಿಗೆ ಹೋಗಿ ಭಾಯ್ ಮುಂದೆ ನಿಂತೆ. ಇನ್ನು ಮೇಲೆ ಗುಳ್ಳೆ ಬಿದ್ದದ್ದು ಒಂದು ತುಂಡೂ ಹಸಿಯಾಗಿ ಹೊರಗೆ ಹೋಗಬಾರದು, ಡ್ರಮ್ಮಿನಲ್ಲಿ ಚೆನ್ನಾಗಿ ಬೇಯಿಸಿಯೇ ಬಿಸಾಡಬೇಕು ಅಂದೆ. ಪಕ್ಕದ ಅಂಗಡಿಯವನು, "ಏನ್ ಅಮ್ಮಾ, ನಾಯಿಗೆ ಇನ್ಮೇಲೆ ಸೂಪಾ?" ಅಂತ ಕಿಚಾಯಿಸಿದ. "ಚುಪ್!" ಅಂದರು ಭಾಯ್. "ನಾಳೆ ನಿನ್ನ ಮಗು ಕೆಮ್ಮಿದ್ರೆ ಗೊತ್ತಾಗುತ್ತೆ. ಇವತ್ತಿಂದ ನಿನ್ನದೂ ನಮ್ಮ ಡ್ರಮ್ಮಿಗೆ." ಸಂಜೆ ಪಶುವೈದ್ಯರಿಂದ ಹುಳದ ಮಾತ್ರೆ ತಂದು, ಬೇಯಿಸಿದ ಲಿವರಿನಲ್ಲಿ ಅಡಗಿಸಿ ಬೆಳ್ಳಿಗೂ ಬೀದಿಯ ಉಳಿದ ಮೂರು ನಾಯಿಗೂ ತಿನ್ನಿಸಿದೆ. ಓಡಿಸಿಬಿಡಿ ಅಂದವರಿಗೆ, ತಪ್ಪು ಹಾಕಿದವಳದು, ತಿಂದದ್ದರದಲ್ಲ ಅಂದೆ.

ಆರನೇ ದಿನ ಬೆಳಿಗ್ಗೆ ಹುಡುಗಿಯ ಮಂಚದ ಮೇಲೆ ಕೂತೆ. "ಪುಟ್ಟಿ, ಒಂದು ವಿಷಯ ಹೇಳ್ತೀನಿ, ಹೇಸಿಗೆ ಅನ್ಬಾರದು. ಕುರಿ ಶ್ವಾಸಕೋಶ ನನ್ನ ಕೈಗೆ ಬರೋವಾಗ ಮುದುಡ್ಕೊಂಡಿರುತ್ತೆ, ಒದ್ದೆ ಕರ್ಚೀಫ್ ಥರ. ಅದರ ಗಾಳಿಕೊಳವೆಗೆ ಊದಿದ್ರೆ ಏನಾಗುತ್ತೆ ಗೊತ್ತಾ?"

"ಏನಾಗುತ್ತೆ?"

"ಒಂದೊಂದು ಮೂಲೇನೇ ಗುಲಾಬಿ ಬಣ್ಣ ಆಗ್ತಾ ಬಿಚ್ಕೊಳ್ಳುತ್ತೆ. ಕೊನೇಗೆ ಕೆಳಗಿನ ತುದಿ. ಅದಕ್ಕೆ ಊದೋಕೆ ನಾನಿದೀನಿ. ನಿಂದಕ್ಕೆ ಯಾರೂ ಊದಕ್ಕಾಗಲ್ಲ ಕಂದಾ, ನೀನೇ ಎಳ್ಕೋಬೇಕು."

ಅವಳು ಮೂಗು ಮುರಿದಳು. "ನೀನು ನಿಜವಾಗ್ಲೂ ಊದ್ತೀಯಾ? ಛೀ!" ಅಂತ ನಗಲು ಹೋಗಿ, ಪಕ್ಕೆ ನೊಂದು, ಆದರೂ ಕೊಳವೆ ಬಾಯಿಗಿಟ್ಟುಕೊಂಡಳು. ಒಂದು ಚೆಂಡು ಎದ್ದಿತು. ಸಂಜೆಗೆ ಎರಡು. ಮರುದಿನ ಬೆಳಿಗ್ಗೆ ಬಾಟಲಿಯ ನೀರಿನಲ್ಲಿ ಗುಳ್ಳೆ ಕಡಿಮೆಯಾಗಿತ್ತು. ಮೂರನೆಯ ಚೆಂಡು ಮಾತ್ರ ಅರ್ಧಕ್ಕೆ ಎದ್ದು ಬೀಳುತ್ತಿತ್ತು. ಮತ್ತೆ ಎಳೆದಳು. ಮತ್ತೆ ಬಿತ್ತು.

"ಅಮ್ಮಾ" ಅಂದಳು ಮಗಳು.

ನನಗೇ ಅಂದದ್ದು ಅಂತ ತಿಳಿಯಲು ಸ್ವಲ್ಪ ಹೊತ್ತಾಯಿತು.

"ಅಮ್ಮಾ, ನೀನು ಬೆನ್ನ ಕಡೆ ಹಿಡ್ಕೋ. ನಾನು ಹೊಲಿಗೆ ಮೇಲೆ ದಿಂಬು ಒತ್ತಿ ಹಿಡೀತೀನಿ. ಅವಾಗ ಅವಳಿಗೆ ನೋಯಲ್ಲ."

ನಾನು ಅಂಗೈ ಅಗಲಿಸಿ ಅವಳ ಬೆನ್ನಿಗಿಟ್ಟೆ, ಬಲಗಡೆ, ಕೆಳಗೆ. ಹುಡುಗಿ ಎಳೆದಳು. ಒಂದು ಚೆಂಡು, ಎರಡು, ಮೂರನೆಯದು ತಡವರಿಸುತ್ತಾ ಏರಿ ಮುಚ್ಚಳಕ್ಕೆ ಟಕ್ ಅಂತ ತಾಗಿ ಅಲ್ಲೇ ನಿಂತಿತು. ನನ್ನ ಅಂಗೈಯ ಕೆಳಗೆ ಅಷ್ಟು ದಿನ ಸುಮ್ಮನಿದ್ದ ಜಾಗ ಉಬ್ಬಿ ನನ್ನ ಕೈಯನ್ನು ಹಿಂದಕ್ಕೆ ತಳ್ಳಿತು. ಮಗಳು ಬಗ್ಗಿ ಬಾಟಲಿ ನೋಡಿದಳು. ಒಂದೂ ಗುಳ್ಳೆ ಇಲ್ಲ.

ನಾನು ಕಿರುಚಿದೆ. ಏನು ಕಿರುಚಿದೆನೋ ಗೊತ್ತಿಲ್ಲ, ವಾರ್ಡಿನ ಆ ತುದಿಯಲ್ಲಿದ್ದವರೆಲ್ಲ ಎದ್ದು ಕೂತರು.

"ಅಜ್ಜೀ, ಮೆಲ್ಲಗೆ! ಇದು ವಾರ್ಡು, ಸ್ಟೇಡಿಯಮ್ಮಲ್ಲ!" ಅಂತ ಸಿಸ್ಟರ್ ಓಡಿ ಬಂದರು.

"ಬಿಡಿ ಸಿಸ್ಟರ್, ಇನ್ನೊಂದ್ಸಲ ಕಿರುಚ್ಲಿ" ಅಂದಳು ಮಗಳು.